ಕೈ ಬದಲಾದ ಸಕ್ಷನ್ ಯಂತ್ರ: ರೋಗಿಯ ಪಕ್ಕ ಇಡುವ ಮುನ್ನ ಪರೀಕ್ಷಿಸಿ

ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಎಂಬ ಗಾದೆ ನಮ್ಮಲ್ಲಿದೆ. ಕಫ ಎಳೆಯುವ ಸಕ್ಷನ್ ಯಂತ್ರದ ವಿಷಯದಲ್ಲಿ ಮಾತ್ರ ಈ ಗಾದೆಯನ್ನು ಬದಿಗಿಡಬೇಕು. ಅದು ದಾನವಾಗಿ ಬಂದಿರಲಿ, ಅರ್ಧ ಬೆಲೆಗೆ ಸಿಕ್ಕಿರಲಿ, ಒಂದೊಂದು ಹಲ್ಲನ್ನೂ ಎಣಿಸಿಯೇ ರೋಗಿಯ ಪಕ್ಕ ಇಡಬೇಕು.

ಪಾರ್ಶ್ವವಾಯು ಬಡಿದು ನುಂಗಲಾಗದವರು, ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ಪೂರ್ತಿ ಮರಳದವರು, ಉಸಿರಾಟಕ್ಕೆಂದು ಗಂಟಲಿನಲ್ಲಿ ರಂಧ್ರ ಮಾಡಿ ಟ್ಯೂಬ್ ಹಾಕಿಸಿಕೊಂಡವರು - ಇಂಥವರನ್ನು ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ವೈದ್ಯರು ಒಂದು ಸಕ್ಷನ್ ಯಂತ್ರ ಇಟ್ಟುಕೊಳ್ಳಲು ಹೇಳುತ್ತಾರೆ. ಆಸ್ಪತ್ರೆಯ ಬಿಲ್ಲು ಕಟ್ಟಿ ಬಸವಳಿದ ಕುಟುಂಬಕ್ಕೆ ಹೊಸ ಯಂತ್ರದ ಖರ್ಚು ದೊಡ್ಡದು. ಆಗ ನೆನಪಾಗುವುದು ಮೊಹಲ್ಲಾದಲ್ಲಿ ಯಾರದೋ ಮನೆಯ ಅಟ್ಟದ ಮೇಲಿರುವ, ಅಥವಾ ಮಸೀದಿಯ ಕೋಣೆಯಲ್ಲಿ ವಾಕರ್, ವೀಲ್‌ಚೇರ್‌ಗಳ ಜೊತೆ ಇಟ್ಟಿರುವ ಹಳೆಯ ಯಂತ್ರ. ಆ ಮನೆಯ ಹಿರಿಯರು ತೀರಿಕೊಂಡ ಮೇಲೆ ಮಕ್ಕಳು ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದು.

ನಮ್ಮ ಬೀದಿಯ ಒಂದು ಮನೆಗೆ ಹೀಗೆಯೇ ಒಂದು ಯಂತ್ರ ಬಂತು. ಸಂಜೆ ಸ್ವಿಚ್ ಹಾಕಿ ನೋಡಿದರು. ಮೋಟಾರ್ ಗುಂಯ್‌ಗುಟ್ಟಿತು, ಎಲ್ಲರಿಗೂ ಸಮಾಧಾನವಾಯಿತು. ರಾತ್ರಿ ಎರಡು ಗಂಟೆಗೆ ಅಜ್ಜನ ಗಂಟಲಿನಲ್ಲಿ ಕಫ ಗೊರಗೊರ ಎಂದಾಗ ಮೋಟಾರ್ ಸಂಜೆಯಂತೆಯೇ ಗುಂಯ್‌ಗುಟ್ಟಿತು, ಆದರೆ ಟ್ಯೂಬ್ ಏನನ್ನೂ ಎಳೆಯಲಿಲ್ಲ. ಜಾರ್‌ನ ಮುಚ್ಚಳದೊಳಗಿನ ರಬ್ಬರ್ ಉಂಗುರವೇ ಇರಲಿಲ್ಲ. ಮಗ ಮುಚ್ಚಳವನ್ನು ಎರಡೂ ಕೈಗಳಿಂದ ಅದುಮಿ ಹಿಡಿದ, ಸೊಸೆ ಕಫ ತೆಗೆದಳು. ಬೆಳಗಿನವರೆಗೆ ಇದೇ ಕೆಲಸ. ಅಜ್ಜ ಉಳಿದರು. ಕೆಲವೇ ರೂಪಾಯಿ ಬೆಲೆಯ ಒಂದು ರಬ್ಬರ್ ಉಂಗುರ ಆ ರಾತ್ರಿ ಇಡೀ ಮನೆಯನ್ನು ನಡುಗಿಸಿತ್ತು.

ಮೋಟಾರ್ ಶಬ್ದ ಮಾಡಿದರೆ ಯಂತ್ರ ಸರಿಯಿದೆ ಎಂದು ಅರ್ಥವಲ್ಲ. ಅದು ಎಷ್ಟು ಬಲವಾಗಿ ಎಳೆಯುತ್ತದೆ, ಎಳೆತ ನಿಲ್ಲುತ್ತದೆಯೇ, ಹಿಡಿತಕ್ಕೆ ಸಿಗುತ್ತದೆಯೇ ಎಂಬುದನ್ನು ನೋಡಬೇಕು. ಇದಕ್ಕೆ ಹಗಲು ಹೊತ್ತಿನಲ್ಲಿ ಒಂದೆರಡು ಗಂಟೆ ಬಿಡುವು ಮಾಡಿಕೊಂಡರೆ ಸಾಕು.

ಯಂತ್ರ ಕೆಲಸ ಮಾಡುವ ಬಗೆ

ಸಕ್ಷನ್ ಯಂತ್ರದ ಹೃದಯ ಒಂದು ನಿರ್ವಾತ ಪಂಪ್, ಅಂದರೆ ವ್ಯಾಕ್ಯೂಮ್ ಪಂಪ್. ಅದು ಜಾರ್‌ನೊಳಗಿನ ಗಾಳಿಯನ್ನು ಹೊರಗೆ ಹಾಕುತ್ತದೆ. ಜಾರ್‌ನಲ್ಲಿ ಒತ್ತಡ ಕಡಿಮೆಯಾದಾಗ ಹೊರಗಿನ ಗಾಳಿ ಒಳನುಗ್ಗಲು ನೋಡುತ್ತದೆ, ನುಗ್ಗುವಾಗ ಟ್ಯೂಬಿನ ತುದಿಯಲ್ಲಿರುವ ಕಫವನ್ನೂ ತಳ್ಳಿಕೊಂಡು ಬರುತ್ತದೆ.

ರೋಗಿಯ ಕಡೆಯಿಂದ ಲೆಕ್ಕ ಹಾಕಿದರೆ ಭಾಗಗಳು ಹೀಗಿವೆ: ಗಂಟಲಿಗೆ ಹೋಗುವ ತೆಳ್ಳನೆಯ ಕ್ಯಾಥೆಟರ್, ಉದ್ದದ ಟ್ಯೂಬ್, ಕಫ ಸಂಗ್ರಹಿಸುವ ಜಾರ್, ಜಾರ್ ತುಂಬಿದರೆ ಮೇಲೇರಿ ದಾರಿ ಮುಚ್ಚುವ ತೇಲುವ ಬಿರಡೆ (ಫ್ಲೋಟ್), ರೋಗಾಣು ತಡೆಯುವ ಫಿಲ್ಟರ್, ಎಳೆತದ ಬಲ ತೋರಿಸುವ ಮೀಟರ್, ಬಲ ಹೆಚ್ಚು ಕಡಿಮೆ ಮಾಡುವ ರೆಗ್ಯುಲೇಟರ್, ಕೊನೆಗೆ ಪಂಪ್. ಈ ಕ್ರಮ ನೆನಪಿದ್ದರೆ ದೋಷ ಹುಡುಕುವುದು ಅರ್ಧ ಮುಗಿದಂತೆ.

ಮೀಟರ್‌ನಲ್ಲಿ ಸಾಮಾನ್ಯವಾಗಿ ಸೊನ್ನೆಯಿಂದ 760ರವರೆಗೆ ಅಂಕಿಗಳಿರುತ್ತವೆ. ಅವು ಪಾದರಸದ ಮಿಲಿಮೀಟರ್ ಲೆಕ್ಕ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 760 ಮಿ.ಮೀ. ಆದ್ದರಿಂದ ಯಾವ ಪಂಪ್ ಆದರೂ ಅದಕ್ಕಿಂತ ಹೆಚ್ಚು ಎಳೆಯಲಾರದು. ಎತ್ತರದ ಊರುಗಳಲ್ಲಿ ಗಾಳಿಯ ಒತ್ತಡವೇ ಕಡಿಮೆ: ಬೆಂಗಳೂರಿನಲ್ಲಿ ಸುಮಾರು 680, ಮಡಿಕೇರಿಯಲ್ಲಿ ಸುಮಾರು 660. ಮಂಗಳೂರಿನಲ್ಲಿ 700 ತೋರಿಸುತ್ತಿದ್ದ ಯಂತ್ರ ಬೆಂಗಳೂರಿಗೆ ಬಂದಾಗ 630ರ ಹತ್ತಿರ ನಿಂತರೆ ಅದು ಕೆಟ್ಟಿದೆ ಎಂದು ತಿಳಿಯಬೇಡಿ.

ರೋಗಿಗೆ ಇಷ್ಟೊಂದು ಬಲ ಬೇಕಾಗಿಲ್ಲ. ಗಂಟಲಿನ ಟ್ಯೂಬಿನ ಮೂಲಕ ಕಫ ತೆಗೆಯಲು ವಯಸ್ಕರಿಗೆ ಸಾಮಾನ್ಯವಾಗಿ 100ರಿಂದ 150 ಮಿ.ಮೀ., ಮಕ್ಕಳಿಗೆ ಅದಕ್ಕಿಂತ ಕಡಿಮೆ ಇಡುತ್ತಾರೆ. ನಿಮ್ಮ ರೋಗಿಗೆ ಎಷ್ಟು ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ. ಬಲ ಹೆಚ್ಚಾದರೆ ಶ್ವಾಸನಾಳದ ಒಳಪದರ ಗಾಯಗೊಂಡು ರಕ್ತ ಬರಬಹುದು. ಹಾಗಾಗಿ ಬಲವಿಲ್ಲದ ಯಂತ್ರದಷ್ಟೇ ಹಿಡಿತಕ್ಕೆ ಸಿಗದ ಯಂತ್ರವೂ ಅಪಾಯಕಾರಿ.

ಮನೆಗೆ ತರುವ ಮುನ್ನ ಕೇಳಬೇಕಾದದ್ದು

ಕೊಡುವವರನ್ನು ಪ್ರಶ್ನಿಸಲು ಸಂಕೋಚ ಬೇಡ. ಯಂತ್ರವನ್ನು ಕೊನೆಯ ಬಾರಿ ಓಡಿಸಿದ್ದು ಯಾವಾಗ? ಎಷ್ಟು ತಿಂಗಳು ಬಳಸಿದ್ದಾರೆ? ಜಾರ್ ತುಂಬಿ ಕಫ ಪಂಪಿನೊಳಗೆ ಹೋದದ್ದುಂಟೇ? ಬಳಸಿದ ರೋಗಿಗೆ ಕ್ಷಯ ಅಥವಾ ಬೇರೆ ಸಾಂಕ್ರಾಮಿಕ ರೋಗ ಇತ್ತೇ? ಕೊನೆಯ ಎರಡು ಪ್ರಶ್ನೆಗಳಲ್ಲಿ ಯಾವುದಕ್ಕಾದರೂ ಹೌದು ಎಂಬ ಉತ್ತರ ಬಂದರೆ ಯಂತ್ರವನ್ನು ಮನೆಯಲ್ಲಿ ಓಡಿಸಿ ನೋಡಲೇಬೇಡಿ. ವೈದ್ಯಕೀಯ ಉಪಕರಣ ದುರಸ್ತಿ ಮಾಡುವ ತಂತ್ರಜ್ಞರು ಅದನ್ನು ಬಿಚ್ಚಿ, ಶುದ್ಧಗೊಳಿಸಿ, ಸರಿ ಎಂದ ಮೇಲೆಯೇ ತನ್ನಿ. ಪಂಪಿನೊಳಗೆ ಸೇರಿದ ರೋಗಾಣು ಪಂಪ್ ಹೊರಬಿಡುವ ಗಾಳಿಯ ಜೊತೆ ಕೋಣೆಗೇ ಬರಬಹುದು.

ಯಂತ್ರದ ಹಿಂಬದಿಯ ತಗಡಿನ ಪಟ್ಟಿಯನ್ನು ಓದಿ. ನಮ್ಮ ಮನೆಯ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಗಲ್ಫ್‌ನಿಂದ ಅಥವಾ ಅಮೆರಿಕದಿಂದ ಸಂಬಂಧಿಕರು ತಂದ ಯಂತ್ರವಾದರೆ ಇದು ಮುಖ್ಯ. 110 ಅಥವಾ 120 ವೋಲ್ಟ್ ಎಂದು ಬರೆದಿರುವ ಯಂತ್ರವನ್ನು ನೇರವಾಗಿ ನಮ್ಮ ಸಾಕೆಟ್‌ಗೆ ಹಾಕಿದರೆ ಸುಟ್ಟುಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಇಟ್ಟರೆ ವೋಲ್ಟೇಜ್ ಸರಿಹೋಗುತ್ತದೆ, ಹರ್ಟ್ಸ್ ಬದಲಾಗುವುದಿಲ್ಲ. ಸೌದಿ ಅರೇಬಿಯಾ ಮತ್ತು ಅಮೆರಿಕದಲ್ಲಿ ವಿದ್ಯುತ್ತು 60 ಹರ್ಟ್ಸ್. ಅಲ್ಲಿಗೆಂದೇ ಮಾಡಿದ ಸಾಮಾನ್ಯ ಎಸಿ ಮೋಟಾರ್ ಇಲ್ಲಿ ಸುಮಾರು ಆರನೇ ಒಂದು ಭಾಗದಷ್ಟು ನಿಧಾನವಾಗಿ ತಿರುಗುತ್ತದೆ, ಬೇಗ ಕಾಯುತ್ತದೆ. ಪಟ್ಟಿಯಲ್ಲಿ 50/60 ಎಂದು ಎರಡೂ ಬರೆದಿದ್ದರೆ ಚಿಂತೆಯಿಲ್ಲ.

ಮೊದಲು ಶುಚಿ, ಆಮೇಲೆ ಪರೀಕ್ಷೆ

ಕೈಗವಸು, ಮಾಸ್ಕ್ ಹಾಕಿಕೊಂಡು, ಗಾಳಿಯಾಡುವ ಅಂಗಳದಲ್ಲಿ ಅಥವಾ ಬಾಲ್ಕನಿಯಲ್ಲಿ ಕೆಲಸ ಮಾಡಿ. ಮಕ್ಕಳು ಹತ್ತಿರ ಬೇಡ.

ಹಳೆಯ ಕ್ಯಾಥೆಟರ್, ರೋಗಿಯ ಕಡೆಯ ಟ್ಯೂಬ್ ಮತ್ತು ಫಿಲ್ಟರನ್ನು ಎಸೆಯಿರಿ. ನೋಡಲು ಹೊಸದರಂತಿದ್ದರೂ ಎಸೆಯಿರಿ. ಇವು ತೊಳೆದು ಇನ್ನೊಬ್ಬರಿಗೆ ಬಳಸುವ ವಸ್ತುಗಳಲ್ಲ.

ಜಾರ್, ಮುಚ್ಚಳ, ಫ್ಲೋಟ್‌ಗಳನ್ನು ಬಿಡಿಸಿ ಮೊದಲು ಸೋಪು ನೀರಿನಲ್ಲಿ ಬ್ರಷ್ ಹಾಕಿ ಉಜ್ಜಿ. ಒಣಗಿದ ಕಫ ಅಂಟಿಕೊಂಡಿದ್ದರೆ ಯಾವ ಔಷಧಿಯೂ ಅದರಡಿಗೆ ಇಳಿಯುವುದಿಲ್ಲ. ನಂತರ ಸುಮಾರು ಶೇಕಡ 5ರ ಬ್ಲೀಚ್ ದ್ರಾವಣದ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿ, ಅದರಲ್ಲಿ ಕನಿಷ್ಠ 10 ನಿಮಿಷ ಮುಳುಗಿಸಿಡಿ. ಆಮೇಲೆ ಚೆನ್ನಾಗಿ ತೊಳೆದು ಒಣಗಿಸಿ. ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಬಾರದು, ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಯಂತ್ರದ ಹೊರಮೈಯನ್ನು ಪ್ಲಗ್ ತೆಗೆದಿಟ್ಟು ಒದ್ದೆ ಬಟ್ಟೆಯಿಂದ ಒರೆಸಿ, ನೀರು ಸುರಿಯಬೇಡಿ.

ತೊಳೆಯುವಾಗಲೇ ಕಣ್ಣಿಟ್ಟು ನೋಡಿ. ಜಾರ್‌ನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬದಲಿಸಬೇಕು. ಗಾಜಿನ ಜಾರ್ ಬಿರುಕುಬಿಟ್ಟಿದ್ದರೆ ನಿರ್ವಾತದಲ್ಲಿ ಒಳಮುಖವಾಗಿ ಒಡೆದುಹೋಗಬಹುದು. ಮುಚ್ಚಳದ ರಬ್ಬರ್ ಉಂಗುರ ಇದೆಯೇ, ಗಟ್ಟಿಯಾಗಿ ಚೂರಾಗುತ್ತಿದೆಯೇ? ಫ್ಲೋಟ್ ಸರಾಗವಾಗಿ ಮೇಲೆ ಕೆಳಗೆ ಆಡುತ್ತದೆಯೇ? ವೈರ್ ಸುಲಿದಿದೆಯೇ, ಮೂರು ಪಿನ್ನಿನ ಪ್ಲಗ್‌ನಲ್ಲಿ ಅರ್ಥ್ ಪಿನ್ ಇದೆಯೇ? ವೈರ್ ಅಥವಾ ಪ್ಲಗ್ ಸರಿಯಿಲ್ಲದಿದ್ದರೆ ಅದನ್ನು ಬದಲಿಸುವವರೆಗೆ ಸ್ವಿಚ್ ಹಾಕಬೇಡಿ.

ಐದು ಪರೀಕ್ಷೆಗಳು

ಹೊಸ ಫಿಲ್ಟರ್ ಹಾಕಿ, ಪರೀಕ್ಷೆಗೆಂದೇ ಬೇರೆ ಟ್ಯೂಬ್ ಜೋಡಿಸಿ. ರೋಗಿಗೆ ಬಳಸುವ ಟ್ಯೂಬ್ ಪ್ಯಾಕೆಟ್ಟಿನಲ್ಲಿಯೇ ಇರಲಿ. ಫಿಲ್ಟರ್ ಇಲ್ಲದೆ ಯಂತ್ರವನ್ನು ಎಂದೂ ಓಡಿಸಬೇಡಿ.

1. ತೆರೆದ ಟ್ಯೂಬ್, ಮುಚ್ಚಿದ ಟ್ಯೂಬ್

ರೆಗ್ಯುಲೇಟರನ್ನು ಪೂರ್ತಿ ಬಲಕ್ಕೆ ತಿರುಗಿಸಿ ಸ್ವಿಚ್ ಹಾಕಿ. ಕ್ಯಾಥೆಟರ್ ಇಲ್ಲದೆ ಟ್ಯೂಬಿನ ಬಾಯಿ ತೆರೆದಿರುವಾಗ ಮೀಟರ್‌ನ ಮುಳ್ಳು ಕೆಳಗೇ ಇರಬೇಕು. ಈಗ ಟ್ಯೂಬನ್ನು ಮಡಚಿ ಬಿಗಿಯಾಗಿ ಹಿಡಿಯಿರಿ. ಬೆರಳಿನಿಂದ ಬಾಯಿ ಮುಚ್ಚಬೇಡಿ, ಚರ್ಮ ಒಳಗೆಳೆದು ರಕ್ತ ಹೆಪ್ಪುಗಟ್ಟುತ್ತದೆ. ಮುಳ್ಳು ಸರಸರನೆ ಏರಿ ಯಂತ್ರದ ಪಟ್ಟಿಯಲ್ಲಿ ಬರೆದಿರುವ ಗರಿಷ್ಠ ಅಂಕಿಯ ಹತ್ತಿರ ನಿಲ್ಲಬೇಕು. ಒಂದು ಲೀಟರಿನ ಜಾರ್ ಇರುವ ಯಂತ್ರಕ್ಕೆ ಇದು ಹತ್ತು ಸೆಕೆಂಡಿನ ಆಸುಪಾಸಿನ ಕೆಲಸ. ವೈದ್ಯಕೀಯ ಸಕ್ಷನ್ ಉಪಕರಣಗಳ ಅಂತಾರಾಷ್ಟ್ರೀಯ ಮಾನದಂಡವಾದ ಐಎಸ್‌ಒ 10079ರಲ್ಲಿ 'ಹೈ ವ್ಯಾಕ್ಯೂಮ್' ಎಂದರೆ 60 ಕಿಲೋಪಾಸ್ಕಲ್ ಅಥವಾ ಹೆಚ್ಚು, ಅಂದರೆ ಸುಮಾರು 450 ಮಿ.ಮೀ. ತನ್ನನ್ನು ಹೈ ವ್ಯಾಕ್ಯೂಮ್ ಎಂದು ಕರೆದುಕೊಳ್ಳುವ ಯಂತ್ರ ಅಷ್ಟನ್ನೂ ಮುಟ್ಟದಿದ್ದರೆ ಎಲ್ಲೋ ದೋಷವಿದೆ.

ದೋಷ ಹುಡುಕುವ ಇಡೀ ವಿದ್ಯೆ ಈ ಎರಡು ಸ್ಥಿತಿಗಳಲ್ಲಿದೆ. ಹೆಚ್ಚಿನ ಯಂತ್ರಗಳಲ್ಲಿ ಮೀಟರ್ ಇರುವುದು ಜಾರ್‌ಗೂ ಪಂಪಿಗೂ ನಡುವೆ. ಆದ್ದರಿಂದ ಟ್ಯೂಬ್ ಮುಚ್ಚಿದರೂ ಮುಳ್ಳು ಏರದಿದ್ದರೆ ಗಾಳಿ ಎಲ್ಲೋ ಸೋರುತ್ತಿದೆ ಅಥವಾ ಪಂಪ್ ಸೋತಿದೆ. ಟ್ಯೂಬ್ ತೆರೆದಿದ್ದರೂ ಮುಳ್ಳು ಮೇಲೇ ನಿಂತಿದ್ದರೆ ದಾರಿಯಲ್ಲಿ ಎಲ್ಲೋ ಕಟ್ಟಿಕೊಂಡಿದೆ. ಸೋರಿಕೆಗೂ ಕಟ್ಟುವಿಕೆಗೂ ಲಕ್ಷಣ ತದ್ವಿರುದ್ಧ.

2. ಸೋರಿಕೆ ಎಲ್ಲಿದೆ?

ಮುಳ್ಳು ಏರದಿದ್ದರೆ ಪಂಪಿನ ಕಡೆಯಿಂದ ಹುಡುಕುತ್ತಾ ಬನ್ನಿ. ಮೊದಲು ಯಂತ್ರದಿಂದ ಜಾರ್‌ಗೆ ಹೋಗುವ ಗಿಡ್ಡ ಟ್ಯೂಬನ್ನು ಯಂತ್ರದ ಬುಡದಲ್ಲೇ ಮಡಚಿ ಹಿಡಿಯಿರಿ. ಮುಳ್ಳು ಏರಿತೇ? ಹಾಗಾದರೆ ಪಂಪ್ ಸರಿಯಿದೆ, ದೋಷ ಅಲ್ಲಿಂದಾಚೆ. ಏರಲಿಲ್ಲವೇ? ರೆಗ್ಯುಲೇಟರ್ ಪೂರ್ತಿ ಮುಚ್ಚಿದೆಯೇ ನೋಡಿ. ಮುಚ್ಚಿದ್ದರೂ ಏರದಿದ್ದರೆ ಪಂಪಿನ ಡಯಾಫ್ರಮ್ ಹರಿದಿರಬಹುದು, ಪಿಸ್ಟನ್ನಿನ ಸೀಲ್ ಸವೆದಿರಬಹುದು ಅಥವಾ ವಾಲ್ವ್ ಸೋತಿರಬಹುದು. ಅದು ತಂತ್ರಜ್ಞರ ಕೆಲಸ.

ಪಂಪ್ ಸರಿಯಿದ್ದರೆ ಮುಂದಿನ ಹಿಡಿತ ರೋಗಿಯ ಟ್ಯೂಬ್ ಜಾರ್‌ಗೆ ಸೇರುವ ಜಾಗದಲ್ಲಿ. ಅಲ್ಲಿ ಹಿಡಿದಾಗ ಮುಳ್ಳು ಏರದಿದ್ದರೆ ಸೋರಿಕೆ ಜಾರ್, ಮುಚ್ಚಳ ಅಥವಾ ಫಿಲ್ಟರಿನ ಜೋಡಣೆಯಲ್ಲಿದೆ. ನಮ್ಮ ಬೀದಿಯ ಮನೆಯಲ್ಲಿ ಇದೊಂದು ಪರೀಕ್ಷೆ ಸಂಜೆಯೇ ಆಗಿದ್ದರೆ ಸಾಕಿತ್ತು. ಅಲ್ಲಿ ಏರಿ, ಟ್ಯೂಬಿನ ದೂರದ ತುದಿಯಲ್ಲಿ ಹಿಡಿದಾಗ ಏರದಿದ್ದರೆ ಟ್ಯೂಬೇ ತೂತಾಗಿದೆ.

3. ರೆಗ್ಯುಲೇಟರ್ ಮಾತು ಕೇಳುತ್ತದೆಯೇ?

ಟ್ಯೂಬನ್ನು ಮಡಚಿ ಹಿಡಿದುಕೊಂಡೇ ಮುಳ್ಳು 120ಕ್ಕೆ ಬರುವಂತೆ ರೆಗ್ಯುಲೇಟರ್ ತಿರುಗಿಸಿ. ಬಿಡಿ, ಮತ್ತೆ ಹಿಡಿಯಿರಿ. ಹೀಗೆ ನಾಲ್ಕೈದು ಬಾರಿ ಮಾಡಿದಾಗಲೂ ಮುಳ್ಳು ಅದೇ ಜಾಗಕ್ಕೆ ಬರಬೇಕು. ಒಮ್ಮೆ 120, ಇನ್ನೊಮ್ಮೆ 250 ಎಂದು ಅಲೆದಾಡುವ ಯಂತ್ರವನ್ನು ದುರಸ್ತಿಯಾಗುವವರೆಗೆ ರೋಗಿಗೆ ಬಳಸಬೇಡಿ.

ಮನೆಗಳಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. ಟ್ಯೂಬ್ ತೆರೆದಿರುವಾಗಲೇ ಮುಳ್ಳು ನೋಡಿ ಬಲ ಹೊಂದಿಸುತ್ತಾರೆ. ತೆರೆದ ಟ್ಯೂಬಿನಲ್ಲಿ 120 ಬರುವಂತೆ ತಿರುಗಿಸಿದರೆ, ಕ್ಯಾಥೆಟರ್ ಗಂಟಲಿನ ಒಳಪದರಕ್ಕೆ ಅಂಟಿ ಬಾಯಿ ಮುಚ್ಚಿದ ಕ್ಷಣ ಬಲ ಹಲವು ಪಟ್ಟು ಏರುತ್ತದೆ. ಬಲವನ್ನು ಯಾವಾಗಲೂ ಟ್ಯೂಬ್ ಮುಚ್ಚಿಯೇ ಹೊಂದಿಸಬೇಕು.

4. ಮೀಟರ್ ಸತ್ಯ ಹೇಳುತ್ತದೆಯೇ?

ಹಳೆಯ ಮೀಟರಿನ ಮುಳ್ಳು ತಪ್ಪು ತೋರಿಸುವುದುಂಟು. ಇದನ್ನು ಗಾರೆ ಕೆಲಸದವರ ಲೆವೆಲ್ ಪೈಪಿನಿಂದಲೇ ಪರೀಕ್ಷಿಸಬಹುದು. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಆದ್ದರಿಂದ 100 ಮಿ.ಮೀ. ಪಾದರಸದ ಎಳೆತ ನೀರನ್ನು ಸರಿಯಾಗಿ 136 ಸೆಂಟಿಮೀಟರ್ ಎತ್ತರಕ್ಕೆ ಏರಿಸಬೇಕು.

ನೆಲದ ಮೇಲೆ ನೀರಿನ ಬಕೆಟ್ ಇಡಿ. ಪಾರದರ್ಶಕ ಪೈಪಿನ ಒಂದು ತುದಿಯನ್ನು ನೀರಿನಲ್ಲಿ ಮುಳುಗಿಸಿ, ಗೋಡೆಗುಂಟ ನೇರವಾಗಿ ಎರಡೂವರೆ ಮೀಟರ್ ಎತ್ತರದ ಮೊಳೆಯವರೆಗೆ ಒಯ್ದು, ಅಲ್ಲಿಂದ ಇಳಿಸಿ ಜಾರ್‌ನ ರೋಗಿಯ ಕಡೆಯ ಬಾಯಿಗೆ ಜೋಡಿಸಿ. ರೆಗ್ಯುಲೇಟರ್ ಅತಿ ಕಡಿಮೆಯಲ್ಲಿರಲಿ. ಯಂತ್ರ ಚಾಲೂ ಮಾಡಿ ನಿಧಾನವಾಗಿ ಮೀಟರನ್ನು 100ಕ್ಕೆ ತನ್ನಿ. ಬಕೆಟ್ಟಿನ ನೀರಿನ ಮಟ್ಟದಿಂದ ಪೈಪಿನಲ್ಲಿ ನೀರು ನಿಂತ ಮಟ್ಟದವರೆಗೆ ಟೇಪಿನಲ್ಲಿ ಅಳೆಯಿರಿ. 125ರಿಂದ 150 ಸೆಂ.ಮೀ. ಒಳಗಿದ್ದರೆ ಮನೆಯ ಬಳಕೆಗೆ ಮೀಟರ್ ನಂಬಬಹುದು. ನೀರು ಒಂದೇ ಮೀಟರ್ ಏರಿದರೆ ನಿಜವಾದ ಎಳೆತ 74ರಷ್ಟೇ. 180 ಸೆಂ.ಮೀ. ಏರಿದರೆ ಎಳೆತ 130 ದಾಟಿದೆ, ಮೀಟರ್ ಕಡಿಮೆ ಹೇಳುತ್ತಿದೆ. ಎರಡನೆಯದು ಹೆಚ್ಚು ಅಪಾಯ. ಮೀಟರ್ ಬದಲಿಸಿ.

5. ನೀರು, ಗಂಜಿ, ಬಿಸಿ

ಬಕೆಟ್ಟಿನಿಂದ ನೀರು ಎಳೆಯಲು ಬಿಡಿ. ಜಾರ್ ತುಂಬುತ್ತಾ ಬಂದಂತೆ ಕೈ ಸ್ವಿಚ್ ಮೇಲಿರಲಿ. ಫ್ಲೋಟ್ ಮೇಲೇರಿ ಎಳೆತ ತಾನಾಗಿಯೇ ನಿಲ್ಲಬೇಕು. ನಿಲ್ಲದೆ ನೀರು ಫಿಲ್ಟರಿನ ಕಡೆ ಹೊರಟರೆ ಕೂಡಲೇ ಆರಿಸಿ. ಆ ಫ್ಲೋಟ್ ನಂಬುವಂಥದ್ದಲ್ಲ.

ಕಫ ನೀರಿನಂತೆ ತೆಳ್ಳಗಿರುವುದಿಲ್ಲ. ಅಗುಳಿಲ್ಲದೆ ಸೋಸಿದ ದಪ್ಪ ಗಂಜಿಯನ್ನು ತಣ್ಣಗಾಗಿಸಿ ಎಳೆದು ನೋಡಿ. ವೈದ್ಯರು ಹೇಳಿದ ಬಲದಲ್ಲಿ ಅದು ಟ್ಯೂಬಿನಲ್ಲಿ ನಿಲ್ಲದೆ ಜಾರ್‌ಗೆ ಬರಬೇಕು. ಆ ಟ್ಯೂಬನ್ನು ಆಮೇಲೆ ಎಸೆಯಿರಿ, ಜಾರನ್ನು ತೊಳೆದು ಒಣಗಿಸಿ.

ಕೊನೆಗೆ ಯಂತ್ರವನ್ನು 20 ನಿಮಿಷ ಬಿಡದೆ ಓಡಿಸಿ. ಕೆಲವು ಯಂತ್ರಗಳ ಪಟ್ಟಿಯಲ್ಲಿ ಎಷ್ಟು ನಿಮಿಷ ಓಡಿಸಿ ಎಷ್ಟು ನಿಮಿಷ ವಿರಾಮ ಕೊಡಬೇಕೆಂದು ಬರೆದಿರುತ್ತದೆ, ಅದನ್ನು ಮೀರಬೇಡಿ. ಮೈ ಬೆಚ್ಚಗಾಗುವುದು ಸಹಜ. ಕೈ ಇಡಲಾಗದಷ್ಟು ಸುಟ್ಟರೆ, ಸುಟ್ಟ ವಾಸನೆ ಬಂದರೆ ನಿಲ್ಲಿಸಿ. ಬಿಸಿಯಾದ ಮೇಲೆ ಮೊದಲ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ತಣ್ಣಗಿರುವಾಗ 650 ಮುಟ್ಟಿ, ಬಿಸಿಯಾದಾಗ 400ಕ್ಕೆ ಇಳಿಯುವ ಪಂಪ್ ಸವೆದಿದೆ.

ಸಾಮಾನ್ಯ ತೊಂದರೆಗಳು

ಮೋಟಾರ್ ತಿರುಗುವುದೇ ಇಲ್ಲ: ಸಾಕೆಟ್‌ಗೆ ಬೇರೆ ಉಪಕರಣ ಹಾಕಿ ನೋಡಿ. ಪ್ಲಗ್ ತೆಗೆದು ಯಂತ್ರದ ಫ್ಯೂಸ್ ನೋಡಿ, ಅದೇ ಅಳತೆಯ ಫ್ಯೂಸ್ ಹಾಕಿ. ಮತ್ತೆ ಸುಟ್ಟರೆ ಒಳಗೆ ದೋಷವಿದೆ. ಫ್ಯೂಸ್ ಬದಲು ತಂತಿ ಸುತ್ತಬೇಡಿ.

ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ: ತಕ್ಷಣ ಆರಿಸಿ. ಬಹುಕಾಲ ಓಡದೆ ಪಂಪ್ ಹಿಡಿದುಕೊಂಡಿರಬಹುದು, ಕೆಪಾಸಿಟರ್ ಹೋಗಿರಬಹುದು. ಹಾಗೆಯೇ ಬಿಟ್ಟರೆ ಮೋಟಾರಿನ ಸುರುಳಿ ಸುಡುತ್ತದೆ.

ನಿನ್ನೆ ಎಳೆಯುತ್ತಿತ್ತು, ಇಂದು ಎಳೆಯುವುದಿಲ್ಲ, ಮುಳ್ಳು ಮಾತ್ರ ಮೇಲಿದೆ: ಫ್ಲೋಟ್ ಮೇಲೆ ಅಂಟಿಕೊಂಡಿದೆ, ಫಿಲ್ಟರ್ ಒದ್ದೆಯಾಗಿದೆ ಅಥವಾ ಟ್ಯೂಬಿನಲ್ಲಿ ಕಫ ಒಣಗಿದೆ. ಒದ್ದೆಯಾದ ಫಿಲ್ಟರ್ ಗಾಳಿಯನ್ನು ಬಿಡುವುದಿಲ್ಲ. ಅದನ್ನು ಒಣಗಿಸಿ ಮತ್ತೆ ಹಾಕಬೇಡಿ, ಸೂಜಿಯಿಂದ ಚುಚ್ಚಬೇಡಿ, ಬದಲಿಸಿ.

ಕಫ ಫಿಲ್ಟರಿಗೇ ಬರುತ್ತಿದೆ: ಜಾರ್ ಮುಚ್ಚಳದ ಎರಡು ಬಾಯಿಗಳಿಗೆ ಟ್ಯೂಬ್‌ಗಳು ಅದಲುಬದಲಾಗಿರಬಹುದು. ಒಂದು ರೋಗಿಯ ಕಡೆಗೆ, ಇನ್ನೊಂದು ಪಂಪಿನ ಕಡೆಗೆ. ಅದಲುಬದಲಾದರೆ ಫ್ಲೋಟ್ ಇದ್ದೂ ಇಲ್ಲದಂತೆ. ತೊಳೆದು ಜೋಡಿಸುವಾಗ ತಪ್ಪದಂತೆ ಮುಚ್ಚಳದ ಮೇಲೆ ಬಣ್ಣದ ಗುರುತು ಹಾಕಿ.

ಪಂಪಿಗೆ ಎಣ್ಣೆ ಬಿಡಬೇಕೇ: ಈಗಿನ ಸಣ್ಣ ಯಂತ್ರಗಳಲ್ಲಿ ಹೆಚ್ಚಿನವು ಎಣ್ಣೆ ಬೇಡದ ಪಂಪ್‌ಗಳು. ಶಬ್ದ ಜಾಸ್ತಿಯಾಯಿತೆಂದು ಅವುಗಳಿಗೆ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರೆ ರಬ್ಬರ್ ಉಬ್ಬಿ ಪಂಪೇ ಕೆಡುತ್ತದೆ. ಹಳೆಯ ಆಸ್ಪತ್ರೆಗಳಿಂದ ಬಂದ, ಚಕ್ರದ ಸ್ಟ್ಯಾಂಡಿನ ಮೇಲೆ ಎರಡು ದೊಡ್ಡ ಜಾರ್‌ಗಳಿರುವ ಭಾರದ ಯಂತ್ರಗಳಲ್ಲಿ ಕೆಲವಕ್ಕೆ ಎಣ್ಣೆ ಬೇಕು. ಅವುಗಳಿಗೆ ಎಣ್ಣೆಯ ಮಟ್ಟ ನೋಡುವ ಗಾಜಿನ ಕಿಂಡಿ ಇರುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ, ಅಂಥ ಪಂಪನ್ನು ತಂತ್ರಜ್ಞರಿಗೆ ತೋರಿಸಿ. ಹಾಕಬೇಕಾದದ್ದು ವ್ಯಾಕ್ಯೂಮ್ ಪಂಪಿನ ಎಣ್ಣೆ ಮಾತ್ರ.

ಕರೆಂಟ್ ಹೋದಾಗ

ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಬ್ಯಾಟರಿ ಇರುವ ಯಂತ್ರವಾದರೆ ರಾತ್ರಿಯಿಡೀ ಚಾರ್ಜ್ ಮಾಡಿ, ಪ್ಲಗ್ ತೆಗೆದು, ಗಡಿಯಾರ ನೋಡಿಕೊಂಡು ಓಡಿಸಿ. ಹಸಿರು ದೀಪ ಉರಿಯುತ್ತಿದ್ದರೂ ಹಳೆಯ ಬ್ಯಾಟರಿ ಐದು ನಿಮಿಷಕ್ಕೇ ಕೈಕೊಡಬಹುದು. ಬ್ಯಾಟರಿ ಇಲ್ಲದಿದ್ದರೆ ಕಾಲಿನಿಂದ ಒತ್ತಿ ನಡೆಸುವ ಸಕ್ಷನ್ ಪಂಪ್ ಒಂದನ್ನು ಜೊತೆಗಿಡಿ. ಅದನ್ನೂ ಮನೆಯವರೆಲ್ಲ ಒಮ್ಮೆ ಹಗಲಿನಲ್ಲಿ ಒತ್ತಿ ಅಭ್ಯಾಸ ಮಾಡಿಕೊಳ್ಳಬೇಕು. ಕತ್ತಲಲ್ಲಿ ಹೊಸದಾಗಿ ಕಲಿಯಲು ಸಮಯವಿರುವುದಿಲ್ಲ.

ದಿನನಿತ್ಯದ ಎಚ್ಚರ

ಯಂತ್ರ ಎಷ್ಟೇ ಚೆನ್ನಾಗಿದ್ದರೂ ಕಫ ತೆಗೆಯುವ ವಿಧಾನವನ್ನು ಆಸ್ಪತ್ರೆಯ ನರ್ಸ್ ಬಳಿ ನಿಂತು ಕಲಿಯಬೇಕು. ಮನೆಯಲ್ಲಿ ಕನಿಷ್ಠ ಇಬ್ಬರು ಕಲಿತಿರಲಿ. ಒಮ್ಮೆಗೆ 10ರಿಂದ 15 ಸೆಕೆಂಡಿಗಿಂತ ಹೆಚ್ಚು ಎಳೆಯಬಾರದು, ಏಕೆಂದರೆ ಕಫದ ಜೊತೆ ರೋಗಿಯ ಉಸಿರಿನ ಗಾಳಿಯನ್ನೂ ಯಂತ್ರ ಎಳೆಯುತ್ತಿರುತ್ತದೆ. ತುಟಿ ನೀಲಿಗಟ್ಟಿದರೆ, ರಕ್ತ ಬಂದರೆ ನಿಲ್ಲಿಸಿ ವೈದ್ಯರನ್ನು ಸಂಪರ್ಕಿಸಿ.

ಕೆಲಸ ಮುಗಿದ ಮೇಲೆ ಶುದ್ಧ ನೀರನ್ನು ಟ್ಯೂಬಿನಲ್ಲಿ ಎಳೆದು ತೊಳೆಯಿರಿ. ಜಾರ್ ಮುಕ್ಕಾಲು ತುಂಬುವ ಮೊದಲೇ ಟಾಯ್ಲೆಟ್‌ಗೆ ಸುರಿಯಿರಿ. ದಿನಕ್ಕೊಮ್ಮೆ ಜಾರನ್ನು ಉಜ್ಜಿ ತೊಳೆಯಿರಿ. ಮುಂಚೆಯೂ ಆಮೇಲೂ ಸೋಪಿನಿಂದ ಕೈ ತೊಳೆಯಿರಿ. ರಾತ್ರಿ ಮಲಗುವ ಮುನ್ನ ಒಮ್ಮೆ ಟ್ಯೂಬ್ ಮಡಚಿ ಹಿಡಿದು ಮುಳ್ಳು ಏರುವುದನ್ನು ನೋಡಿ. ಅರ್ಧ ನಿಮಿಷದ ಈ ಕೆಲಸ ರಾತ್ರಿಯ ನಿದ್ದೆಗೆ ಭರವಸೆ ಕೊಡುತ್ತದೆ.

ಮತ್ತೊಬ್ಬರಿಗೆ ಕೊಡುವಾಗ

ಯಂತ್ರದ ಅಗತ್ಯ ಮುಗಿಯುವುದು ಒಂದೋ ರೋಗಿ ಗುಣವಾದಾಗ, ಇಲ್ಲವೇ ಮನೆಯಲ್ಲಿ ದುಃಖ ತುಂಬಿದಾಗ. ಎರಡನೆಯ ಸಂದರ್ಭದಲ್ಲಿ ಅದನ್ನು ನೋಡುವುದೇ ಕಷ್ಟವಾಗಿ ಹಾಗೆಯೇ ಮೂಲೆಗೆ ಸರಿಸುತ್ತೇವೆ. ಜಾರ್‌ನಲ್ಲಿ ಕಫ ಒಣಗುತ್ತದೆ, ರಬ್ಬರ್ ಗಟ್ಟಿಯಾಗುತ್ತದೆ, ಪಂಪ್ ಹಿಡಿದುಕೊಳ್ಳುತ್ತದೆ. ಆರು ತಿಂಗಳ ಮೇಲೆ ಯಾರೋ ಕೇಳಿದಾಗ ಅದೇ ಸ್ಥಿತಿಯಲ್ಲಿ ಕೊಡುತ್ತೇವೆ. ಮನೆಯವರಿಗೆ ಆಗದಿದ್ದರೆ ನೆರೆಯವರೊಬ್ಬರು ಆ ವಾರವೇ ಜಾರ್ ತೊಳೆದು ಒಣಗಿಸಿ, ಹಳೆಯ ಟ್ಯೂಬ್, ಫಿಲ್ಟರ್ ಎಸೆದು, ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿಡಬಹುದು.

ಇಂಥ ಸಾಮಾನುಗಳನ್ನು ಎರವಲು ಕೊಡುವ ಜಮಾಅತ್‌ಗಳು ಪ್ರತಿ ಯಂತ್ರಕ್ಕೂ ಒಂದು ರಟ್ಟಿನ ಚೀಟಿ ಕಟ್ಟಲಿ. ಪರೀಕ್ಷಿಸಿದ ದಿನ, ಟ್ಯೂಬ್ ಮುಚ್ಚಿದಾಗ ಮುಳ್ಳು ಏರಿದ ಅಂಕಿ, ಫಿಲ್ಟರ್ ಬದಲಿಸಿದ ದಿನ, ಬ್ಯಾಟರಿ ಎಷ್ಟು ನಿಮಿಷ ಓಡಿತು - ನಾಲ್ಕು ಸಾಲು ಸಾಕು. ಕಳೆದ ವರ್ಷ 650 ಇದ್ದದ್ದು ಈ ವರ್ಷ 500 ಆಗಿದ್ದರೆ ಪಂಪ್ ಸವೆಯುತ್ತಿದೆ ಎಂದು ಯಾರಿಗಾದರೂ ತಿಳಿಯುತ್ತದೆ. ಯಾರಿಗೂ ಕೊಡದಿದ್ದಾಗಲೂ ತಿಂಗಳಿಗೊಮ್ಮೆ ಐದು ನಿಮಿಷ ಓಡಿಸಿಡಬೇಕು. ಒಂದು ಹೊಸ ಫಿಲ್ಟರ್, ಎರಡು ರಬ್ಬರ್ ಉಂಗುರ ಯಂತ್ರದ ಜೊತೆಯೇ ಇರಲಿ.

ಒಬ್ಬರ ಮನೆಯಲ್ಲಿ ಉಸಿರು ಕಾದ ಯಂತ್ರ ಇನ್ನೊಬ್ಬರ ಮನೆಗೆ ಹೋಗುವುದು ಒಳ್ಳೆಯ ಕೆಲಸ. ಅದು ಅಲ್ಲಿ ನಿಜವಾಗಿ ಎಳೆಯುತ್ತದೆ ಎಂದು ನೋಡಿ ಕೊಡುವುದು, ನೋಡಿ ಪಡೆಯುವುದು ಆ ಒಳ್ಳೆಯ ಕೆಲಸದ ಉಳಿದರ್ಧ.